ಕೆಂಪು ಶಾಯಿಯ ಗೀಟು

ಕಳೆದ ತಿಂಗಳು ನಂಜನಗೂಡಿನ ಬಸ್ ನಿಲ್ದಾಣದಲ್ಲಿ ತಿರುಮಕೂಡಲು ನರಸೀಪುರದ ಬಸ್ಸಿಗಾಗಿ ಕಾಯುತ್ತ ಕೂತಿದ್ದೆ. ಸಂಜೆ ಶಾಲೆ ಬಿಡುವ ಹೊತ್ತು. ಬೆನ್ನಿಗೆ ಮಣಭಾರದ ಚೀಲ ಹೊತ್ತ ಮಕ್ಕಳು ಗುಂಪು ಗುಂಪಾಗಿ ನಿಂತಿದ್ದರು. ಆ ಗುಂಪಿನ ನಡುವಿನಿಂದ ನಲವತ್ತು ದಾಟಿದ ಒಬ್ಬರು ನೇರವಾಗಿ ಬಂದವರೇ ನನ್ನ ಕಾಲಿಗೆ ಎರಗಿದರು. ಜೊತೆಯಲ್ಲಿ ಯೂನಿಫಾರಂ ತೊಟ್ಟ ಹುಡುಗಿ.

“ಗುರ್ತು ಸಿಕ್ತಾ ಮೇಷ್ಟ್ರೇ?”

ಮೇಷ್ಟರಾದವರಿಗೆ ಇದೊಂದು ಕಷ್ಟದ ಪ್ರಶ್ನೆ. ಹದಿನೈದು ವರ್ಷದ ಮುಖ ನಲವತ್ತರಲ್ಲಿ ಉಳಿದಿರುವುದಿಲ್ಲ. ಅವರು ಊರಿನ ಹೆಸರು ಹೇಳಿದರು, ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದುದನ್ನು ಹೇಳಿದರು. ಆಗ ನೆನಪಾಯಿತು. ಮುಖಕ್ಕಿಂತ ಮೊದಲು ಕೈಬರಹ ನೆನಪಾಯಿತು.

“ಇವ್ಳು ನನ್ ಮಗ್ಳು ಸಾ. ಈ ಸಲ ಎಸ್ಸೆಸ್ಸೆಲ್ಸಿ. ಮೇಷ್ಟ್ರಿಗೆ ನಿನ್ ಕನ್ನಡ ನೋಟ್ಸ್ ತೋರ್ಸವ್ವಾ” ಎಂದರು.

ಹುಡುಗಿ ನಾಚುತ್ತ ಪುಸ್ತಕ ತೆಗೆದುಕೊಟ್ಟಳು. ಕಣ್ಣಿಗೆ ಒತ್ತಿಕೊಳ್ಳುವಂಥ ಪುಸ್ತಕ. ಪುಟದ ಎಡಕ್ಕೆ ಪೆನ್ಸಿಲ್ಲಿನ ಗೆರೆ, ಪ್ರಶ್ನೆಗೆ ಕಪ್ಪು ಶಾಯಿ, ಉತ್ತರಕ್ಕೆ ನೀಲಿ, ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ. “ಬಹಳ ಚೆನ್ನಾಗಿದೆ ಮಗು” ಎಂದೆ. ತಂದೆಯ ಮುಖ ಅರಳಿತು.

“ನಾನೇ ಯೋಳ್ಬುಟ್ಟಿವ್ನಿ ಸಾ. ನೋಟ್ಸಲ್ಲಿ ಇರೋದ್ ಬುಟ್ಟು ಸ್ವಂತದ್ದು ಒಂದಕ್ಷರ ಬರೀಬ್ಯಾಡ ಅಂತ. ನೀವೇ ಅಲ್ವಾ ನಮ್ಗೆ ಕಲ್ಸಿದ್ದು?”

ಅವರು ಅದನ್ನು ಕೃತಜ್ಞತೆಯಿಂದಲೇ ಹೇಳಿದರು. ವ್ಯಂಗ್ಯದ ಸುಳಿವೂ ಇರಲಿಲ್ಲ. ನನಗೆ ಮಾತ್ರ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಮಕ್ಕಳ ತಪ್ಪು, ಪಾಲಕರ ತಪ್ಪುಗಳ ಬಗ್ಗೆ ಈ ಅಂಕಣದಲ್ಲಿ ಎಷ್ಟೋ ಬರೆದಿದ್ದೇನೆ. ಈ ವಾರ ಮೇಷ್ಟರ ತಪ್ಪಿನ ಸರದಿ.

ಎಲೆ ಬಿಟ್ಟು ಏಳದ ಹುಡುಗ

ಅದು 1990ರ ದಶಕದ ಕೊನೆ. ನಾನು ಆಗ ಕಪಿಲೆ ಕಾವೇರಿಯನ್ನು ಸೇರುವ ಆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಶಾಲೆಯ ಹೆಸರು ಬೇಡ. ತಪ್ಪು ಶಾಲೆಯದಲ್ಲ, ನನ್ನದು. ತರಗತಿಯಲ್ಲಿ ಅರವತ್ತಕ್ಕೂ ಹೆಚ್ಚು ಮಕ್ಕಳು. ಕುಮಾರವ್ಯಾಸನ ಕರ್ಣನ ಪ್ರಸಂಗ ಪಾಠ ಮಾಡುತ್ತಿದ್ದೆ. ಪಠ್ಯಪುಸ್ತಕಗಳು ಎಷ್ಟು ಸಲ ಬದಲಾದರೂ ಕರ್ಣ ಒಂದಲ್ಲ ಒಂದು ತರಗತಿಯಲ್ಲಿ ನಮ್ಮ ಮಕ್ಕಳಿಗೆ ಎದುರಾಗುತ್ತಲೇ ಇರುತ್ತಾನೆ. ಯುದ್ಧಕ್ಕೆ ಮೊದಲು ಕೃಷ್ಣ ಅವನನ್ನು ಏಕಾಂತಕ್ಕೆ ಕರೆದು ಜನ್ಮರಹಸ್ಯ ಹೇಳುತ್ತಾನೆ. ನೀನು ಕುಂತಿಯ ಹಿರಿಯ ಮಗ, ಬಾ, ರಾಜ್ಯ ನಿನ್ನದು ಎನ್ನುತ್ತಾನೆ. ಕರ್ಣನ ಕೊರಳು ಬಿಗಿಯುತ್ತದೆ, ಕಣ್ಣು ತುಂಬುತ್ತದೆ, ಆದರೂ ಅವನು ಹೋಗುವುದಿಲ್ಲ.

‘ಕರ್ಣನು ಪಾಂಡವರ ಪಕ್ಷಕ್ಕೆ ಬರಲು ಏಕೆ ಒಪ್ಪಲಿಲ್ಲ?’ ಇದು ಮನೆಗೆ ಕೊಟ್ಟ ಪ್ರಶ್ನೆ. ನನ್ನ ನೋಟ್ಸಿನಲ್ಲಿ ಉತ್ತರಕ್ಕೆ ನಾಲ್ಕು ಅಂಶ: ಕೌರವನ ಅನ್ನದ ಋಣ, ಗೆಳೆತನ, ನಂಬಿದವನಿಗೆ ದ್ರೋಹ ಮಾಡಬಾರದೆಂಬ ನಿಷ್ಠೆ, ವೀರನ ಛಲ. ಮರುದಿನ ಪುಸ್ತಕಗಳ ಅಟ್ಟಿ ಮೇಜಿನ ಮೇಲೆ ಬಿತ್ತು. ಒಂದರಂತೆ ಒಂದು. ಟಿಕ್ ಹಾಕುತ್ತ ಹಾಕುತ್ತ ಕೈ ತಾನಾಗಿ ಓಡುತ್ತಿತ್ತು. ಇದ್ದಕ್ಕಿದ್ದಂತೆ ಒಂದು ಪುಸ್ತಕದಲ್ಲಿ ಬೇರೆ ಏನೋ ಕಂಡಿತು. ಅಲ್ಲಿ ಇದ್ದದ್ದು ಸುಮಾರಾಗಿ ಹೀಗೆ:

‘ನಾನು ನಮ್ಮತ್ತೆ ಮನೆಯಲ್ಲಿ ಉಣ್ಣುತ್ತಾ ಕೂತಿದ್ದಾಗ ನಮ್ಮಪ್ಪ ಬಂದು ಊರಿಗೆ ಹೋಗೋಣ ಬಾ ಅಂತ ಕರೆದರು. ನನಗೆ ಹೋಗಬೇಕು ಅಂತ ಆಸೆ ಇತ್ತು. ಆದರೆ ಎಲೆ ಬಿಟ್ಟು ಎದ್ದರೆ ಬಡಿಸಿದವರಿಗೆ ಬೇಜಾರಾಗುತ್ತೆ. ಕರ್ಣನಿಗೂ ಹಂಗೇ ಆಗಿರಬೇಕು.’

ಈಗ ಇದನ್ನು ಬರೆಯುವಾಗ ನನಗೆ ಅನ್ನಿಸುತ್ತದೆ, ಅನ್ನದ ಋಣ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥವನ್ನು ನಾನು ಯಾವ ವ್ಯಾಖ್ಯಾನದಲ್ಲೂ ಓದಿಲ್ಲ. ನನ್ನ ನಾಲ್ಕು ಅಂಶಗಳಲ್ಲಿ ಮೊದಲನೆಯದನ್ನು ಆ ಹುಡುಗ ತನ್ನ ಊಟದ ಎಲೆಯ ಮೇಲೆ ಕಂಡುಕೊಂಡಿದ್ದ. ಕರ್ಣನಿಗೆ ಹೋಗುವ ಆಸೆಯೂ ಇತ್ತು ಎಂಬ ಅಂಶವನ್ನಂತೂ ನನ್ನ ನೋಟ್ಸು ಹೇಳಿಯೇ ಇರಲಿಲ್ಲ. ಆ ದಿನ ಮಾತ್ರ ನನಗೆ ಕಂಡದ್ದು ‘ಹಂಗೇ’ ಎಂಬ ಗ್ರಾಮ್ಯ ಪದ, ‘ನಮ್ಮತ್ತೆ ಮನೆ’ ಎಂಬ ಅಪ್ರಸ್ತುತ ಮಾತು. ಮೂಲೆಯಿಂದ ಮೂಲೆಗೆ ಕೆಂಪು ಶಾಯಿಯಲ್ಲಿ ಒಂದು ಗೀಟು ಎಳೆದೆ. ಕೆಳಗೆ ‘ಪಾಠದಲ್ಲಿ ಇರುವುದನ್ನು ಬರೆ’ ಎಂದು ಷರಾ ಹಾಕಿದೆ.

ಹುಡುಗ ಬುದ್ಧಿವಂತ. ಒಂದೇ ಗೀಟಿಗೆ ಪಾಠ ಕಲಿತ. ಅಲ್ಲಿಂದ ಮುಂದೆ ಅವನ ಉತ್ತರಗಳೆಲ್ಲ ನನ್ನ ನೋಟ್ಸಿನ ಅಚ್ಚು. ನಾನು ಪ್ರತಿ ಪುಟಕ್ಕೂ ‘ಉತ್ತಮ’ ಎಂದು ಬರೆಯುತ್ತ ಹೋದೆ. ಅವನು ಒಳ್ಳೆಯ ಅಂಕವನ್ನೇ ಪಡೆದ. ನನಗೆ ಸಂತೋಷವೇ ಆಗಿತ್ತು. ಆ ಗೀಟು ಇಪ್ಪತ್ತೈದು ವರ್ಷ ದಾಟಿ ಅವನ ಮಗಳ ಪುಸ್ತಕದವರೆಗೂ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು?

ನಲವತ್ತು ನಿಮಿಷದಲ್ಲಿ ಆಗುವುದೇನು?

ಕನ್ನಡ ಪ್ರಥಮ ಭಾಷೆಯ ಒಂದು ಪೀರಿಯಡ್ಡು ಎಂದರೆ ಹೆಚ್ಚುಕಡಿಮೆ ನಲವತ್ತು ನಿಮಿಷ. ಹಾಜರಿಗೆ ಐದು ನಿಮಿಷ ಹೋಯಿತು. ಪಾಠವನ್ನು ಒಬ್ಬ ಹುಡುಗ ಗಡಗಡನೆ ಓದುತ್ತಾನೆ. ಮೇಷ್ಟ್ರು ಸಾರಾಂಶ ಹೇಳುತ್ತಾರೆ. ಉಳಿದ ಹೊತ್ತೆಲ್ಲ ಬೋರ್ಡಿನ ಮೇಲಿನ ಪ್ರಶ್ನೋತ್ತರ ಬರೆದುಕೊಳ್ಳುವುದಕ್ಕೆ. ನಮ್ಮ ಕಾಲದಲ್ಲಿ ಬೋರ್ಡು, ಆಮೇಲೆ ಗೈಡು, ಆಮೇಲೆ ಜೆರಾಕ್ಸು. ಈಗ ತಂದೆತಾಯಿಯರ ಮೊಬೈಲಿನ ವಾಟ್ಸಾಪ್ ಗುಂಪಿಗೆ ಉತ್ತರದ ಚಿತ್ರ ಬಂದು ಬೀಳುತ್ತದೆ. ಮಗು ಅದನ್ನು ನೋಡಿಕೊಂಡು ನಕಲು ಮಾಡುತ್ತದೆ. ಸಾಧನ ಬದಲಾಗಿದೆ, ಕೆಲಸ ಬದಲಾಗಿಲ್ಲ.

ಇದಕ್ಕೆ ಮೇಷ್ಟರನ್ನು ಮಾತ್ರ ದೂರಿ ಫಲವಿಲ್ಲ. ತಲೆಯ ಮೇಲೆ ಪರೀಕ್ಷೆ ಕೂತಿರುತ್ತದೆ. ನಮ್ಮ ಎಸ್ಸೆಸ್ಸೆಲ್ಸಿಯ 625 ಅಂಕಗಳ ಲೆಕ್ಕದಲ್ಲಿ ಪ್ರಥಮ ಭಾಷೆಯದೇ ದೊಡ್ಡ ಪಾಲು, 125. ಅದರಲ್ಲಿ 100 ಲಿಖಿತ ಪರೀಕ್ಷೆಗೆ, 25 ವರ್ಷವಿಡೀ ಶಾಲೆಯಲ್ಲೇ ನಡೆಯುವ ಮೌಲ್ಯಮಾಪನಕ್ಕೆ. ಉಳಿದ ಐದು ವಿಷಯಗಳಿಗೆ ತಲಾ 100. ಆದ್ದರಿಂದ ‘ಕನ್ನಡದಲ್ಲಿ ಮಾರ್ಕ್ಸು ಬಿಡಬಾರದು’ ಎಂಬ ಎಚ್ಚರ ತಪ್ಪಲ್ಲ. ಆ ಮಾರ್ಕ್ಸು ಬರುವುದು ನಕಲಿನಿಂದ ಎಂದು ನಂಬಿರುವುದೇ ತಪ್ಪು.

ಪ್ರಶ್ನೆಪತ್ರಿಕೆಯನ್ನು ಒಮ್ಮೆ ಎದುರಿಗಿಟ್ಟುಕೊಂಡು ನೋಡಿ. ಕವಿಯ ಸ್ಥಳ, ಕಾಲ, ಕೃತಿಗಳ ಪರಿಚಯ, ಪದ್ಯಭಾಗ ಪೂರ್ಣಗೊಳಿಸುವುದು, ಸಂಧಿ ಸಮಾಸ ಇವೆಲ್ಲ ಕಂಠಪಾಠಕ್ಕೆ ಸೇರಿದವು, ಕಲಿಯಲೇಬೇಕು. ಆದರೆ ಪತ್ರ, ಪ್ರಬಂಧ, ಗಾದೆಯ ವಿಸ್ತರಣೆ, ನೋಡಿಯೇ ಇರದ ಗದ್ಯವನ್ನು ಓದಿ ಉತ್ತರಿಸುವುದು ಇವು ಯಾವ ನೋಟ್ಸಿನಲ್ಲೂ ಇರುವುದಿಲ್ಲ. ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಮಾತು ಯಾವ ಪಾಠದ್ದು, ಯಾರು ಯಾರಿಗೆ ಯಾವಾಗ ಹೇಳಿದರು ಎಂಬುದು ಪಾಠಕ್ಕೆ ಸೇರಿದ್ದು. ಸ್ವಾರಸ್ಯ? ಅದು ಓದಿದವರಿಗೆ ಸೇರಿದ್ದು. ರುಚಿಯನ್ನು ಇನ್ನೊಬ್ಬರ ನಾಲಿಗೆಯಿಂದ ತಿಳಿಯುವುದು ಹೇಗೆ?

ಮೌಲ್ಯಮಾಪನ ಕೇಂದ್ರಗಳಲ್ಲಿ ಹಲವು ವರ್ಷ ಕೂತವನು ನಾನು. ಒಂದೇ ಗೈಡಿನ ಒಂದೇ ವಾಕ್ಯವನ್ನು ಮೂವತ್ತು ಉತ್ತರಪತ್ರಿಕೆಗಳಲ್ಲಿ ಓದಿದ ಮೇಲೆ ಮೂವತ್ತೊಂದನೆಯದರಲ್ಲಿ ಒಂದು ಮಗು ತನ್ನ ಮಾತಿನಲ್ಲಿ ಬರೆದಿದ್ದರೆ ನಾವು ಪಕ್ಕದವರಿಗೂ ತೋರಿಸಿ ಸಂತೋಷಪಡುತ್ತಿದ್ದೆವು. ಉತ್ತರದ ಮುಖ್ಯ ಅಂಶ ಇದ್ದರೆ ಸ್ವಂತ ವಾಕ್ಯಕ್ಕೆ ನಾವ್ಯಾರೂ ಅಂಕ ಕಳೆದದ್ದು ನನಗೆ ನೆನಪಿಲ್ಲ. ಕಳೆಯುತ್ತಿದ್ದುದು ನಕಲಿನ ನಡುವೆ ಒಂದು ಸಾಲು ಮರೆತು, ಮುಂದಿನದನ್ನು ಅದಕ್ಕೆ ಅಂಟಿಸಿ, ಅರ್ಥವೇ ಕೆಟ್ಟ ಉತ್ತರಗಳಿಗೆ. ಬಾಯಿಪಾಠದ ಅಪಾಯವೇ ಅದು. ಒಂದು ಕೊಂಡಿ ಕಳಚಿದರೆ ಇಡೀ ಸರಪಳಿ ಕೆಳಗೆ.

ವಾರದ ಆರು ದಿನ

ನಾನು ಬದಲಾದದ್ದು ಹೇಗೆ ಎಂದು ಕೇಳಬಹುದು. ಯಾವ ತರಬೇತಿಯೂ ಅಲ್ಲ, ಒಂದು ಪುಸ್ತಕ. ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ನಾನು ತಡವಾಗಿಯೇ ಓದಿದೆ. ಅವರು ಇದೇ ನಂಜನಗೂಡು ತಾಲ್ಲೂಕಿನ ದೇವನೂರಿನವರು. ಆ ಕಾದಂಬರಿಗೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಓದುತ್ತ ಹೋದಂತೆ ಕೈ ನಡುಗಿತು. ನಾನು ಮಕ್ಕಳ ಪುಸ್ತಕದಲ್ಲಿ ‘ಗ್ರಾಮ್ಯ’ ಎಂದು ಸುತ್ತು ಹಾಕುತ್ತಿದ್ದ ಇದೇ ಸೀಮೆಯ ಮಾತು ಅಲ್ಲಿ ದೇಶವೇ ಗೌರವಿಸಿದ ಸಾಹಿತ್ಯವಾಗಿ ನಿಂತಿತ್ತು. ಮುಂದೆ ಅವರ ‘ಎದೆಗೆ ಬಿದ್ದ ಅಕ್ಷರ’ ಹತ್ತನೆಯ ತರಗತಿಗೆ ಪಾಠವಾಗಿಯೂ ಬಂತು. ಮನೆಮಾತಿನಲ್ಲಿ ಯೋಚಿಸುವುದು ತಪ್ಪಲ್ಲ, ಅಲ್ಲಿಂದ ಗ್ರಂಥಭಾಷೆಗೆ ಮಗುವನ್ನು ಕೈಹಿಡಿದು ನಡೆಸುವುದೇ ಮೇಷ್ಟರ ಕೆಲಸ ಎಂಬುದು ನನಗೆ ಹೊಳೆದದ್ದು ಆಗ.

ಆಮೇಲೆ ವಾರವನ್ನು ಹೀಗೆ ಹಂಚಿಕೊಂಡೆ. ಮೇಷ್ಟರಾಗಿರುವ ಓದುಗರಿಗೆ ಉಪಯೋಗವಾದರೂ ಆದೀತು ಎಂದು ಹೇಳುತ್ತಿದ್ದೇನೆ.

ಸೋಮವಾರ ಬರೀ ಓದು. ಅರ್ಥ ಹೇಳುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ. ಮೊದಲು ನಾನು ಗಟ್ಟಿಯಾಗಿ ಓದುತ್ತಿದ್ದೆ, ಆಮೇಲೆ ಮಕ್ಕಳು. ಹಳಗನ್ನಡ ಪದ್ಯವಾದರೆ ಎರಡು ಸಲ, ಮೂರು ಸಲ. ಕಿವಿಗೆ ಒಗ್ಗದ ಪದ್ಯ ತಲೆಗೆ ಹತ್ತುವುದಿಲ್ಲ. ನಮ್ಮ ಕಡೆ ನೀಲಗಾರರ ತಂಬೂರಿ ಪದ, ದೇವರಗುಡ್ಡರ ಕಂಸಾಳೆ ಕೇಳಿ ಬೆಳೆದ ಮಕ್ಕಳಿರುತ್ತಾರೆ. ಮಂಟೇಸ್ವಾಮಿ, ಮಾದಪ್ಪನ ಕತೆಯನ್ನು ರಾತ್ರಿಯಿಡೀ ಕೇಳಬಲ್ಲ ಮಗುವಿಗೆ ಕುಮಾರವ್ಯಾಸ ಕಷ್ಟ ಎಂದರೆ ತಪ್ಪು ಕುಮಾರವ್ಯಾಸನದೂ ಅಲ್ಲ, ಮಗುವಿನದೂ ಅಲ್ಲ.

ಮಂಗಳವಾರ ಪದಗಳು. ಪದ ಬಿಡಿಸುವುದು, ಅನ್ವಯ ಮಾಡುವುದು. ಆ ದಿನದ ಮನೆಗೆಲಸ: ಅಜ್ಜಿಯನ್ನೋ ಅಜ್ಜನನ್ನೋ ಕೇಳಿ, ಇವತ್ತು ಪೇಟೆಯವರು ಆಡದ ಒಂದು ಮಾತು ತರಬೇಕು. ಒಬ್ಬಳು ‘ಒಸಗೆ’ ತಂದಳು. ಹುಡುಗಿ ಮೈನೆರೆದಾಗ ಮನೆಯಲ್ಲಿ ಮಾಡುವ ಶಾಸ್ತ್ರಕ್ಕೆ ಹಳ್ಳಿಯಲ್ಲಿ ಆ ಹೆಸರು. ಹಳಗನ್ನಡದಲ್ಲಿ ಅದೇ ಪದಕ್ಕೆ ಸಂತೋಷ, ಶುಭ, ಉತ್ಸವ ಎಂಬ ಅರ್ಥ. ಇನ್ನೊಬ್ಬ ‘ಎಸರು’ ತಂದ, ಮತ್ತೊಬ್ಬ ‘ಕೂಳು’ ತಂದ. ಪೊೞ್ತು ಎಂಬುದೇ ಹೊತ್ತಾಗಿದೆ, ಪಾಲು ಹಾಲಾಗಿದೆ, ಪುಲಿ ಹುಲಿಯಾಗಿದೆ ಎಂದಾಗ ತಮಿಳು ಬಲ್ಲ ಒಬ್ಬ ಹುಡುಗ, “ಸಾ, ತಮಿಳಲ್ಲಿ ಇವತ್ತಿಗೂ ಪಾಲು, ಪುಲಿ ಅಂತಾರೆ” ಎಂದ. ಪ ಕಾರ ಹ ಕಾರವಾಗುವ ನಿಯಮವನ್ನು ನಾನು ಬೋರ್ಡಿನ ಮೇಲೆ ಬರೆಯಬೇಕಾಗಲಿಲ್ಲ.

ಬುಧವಾರ ಮಾತು. ಪಾಠದ ಒಳಗಿನ ಒಂದೇ ಪ್ರಶ್ನೆ, ಎರಡು ಪಕ್ಷ. ಕರ್ಣ ಹೋಗಬೇಕಿತ್ತೇ, ಬೇಡವೇ? ಪಾಠದಿಂದ ಒಂದು ಆಧಾರ ಕೊಡದೆ ಯಾರೂ ಕೂರುವಂತಿಲ್ಲ.

ಗುರುವಾರ ಬರವಣಿಗೆ. ಐದೇ ಸಾಲು. ತರಗತಿಯಲ್ಲೇ, ಪುಸ್ತಕ ಮುಚ್ಚಿ. ಎರಡು ಸಾಲು ಪಾಠ ಏನು ಹೇಳುತ್ತದೆ ಎಂಬುದಕ್ಕೆ, ಎರಡು ಸಾಲು ನನಗೆ ಏನು ಅನ್ನಿಸಿತು ಎಂಬುದಕ್ಕೆ, ಒಂದು ಸಾಲು ನಾನು ಕಂಡ ಯಾವುದಕ್ಕೆ ಇದು ಹೋಲುತ್ತದೆ ಎಂಬುದಕ್ಕೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಗೆ ಎಲ್ಲ ಗೈಡುಗಳಲ್ಲೂ ಒಂದೇ ವಿಸ್ತರಣೆ ಇರುತ್ತದೆ. ನಾಲೆಯ ಬಯಲಿನಲ್ಲಿ ತಾಯಿಯ ಜೊತೆ ಭತ್ತದ ನಾಟಿಗೆ ಹೋಗಿಬಂದ ಹುಡುಗಿಯೊಬ್ಬಳು, ‘ನಮ್ಮವ್ವನ ಕೈ ಕೆಸರಾಗಿದೆ, ಮೊಸರು ಗದ್ದೆಯವರ ಮನೆಯಲ್ಲಿದೆ’ ಎಂದು ಬರೆದಳು. ನಾನು ಗೀಟು ಹಾಕಲಿಲ್ಲ. ಆ ವಾಕ್ಯದ ಮೇಲೆ ತರಗತಿಯಲ್ಲಿ ಒಂದು ಪೀರಿಯಡ್ಡು ಪೂರ್ತಿ ಮಾತಾಯಿತು.

ಶುಕ್ರವಾರ ವ್ಯಾಕರಣ, ಛಂದಸ್ಸು. ಮಕ್ಕಳು ಹೆದರುವುದು ಇದಕ್ಕೇ. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ನಾಲ್ಕು ಮೂರು ನಾಲ್ಕು ಎಂದು 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಆ ಮೂರು ನಾಲ್ಕರ ಜೋಡಿ ಮೂರು ಸಲ ಬಂದು, ಕೊನೆಗೆ ಒಂದು ಗುರು, ಒಟ್ಟು 23. ಇದನ್ನು ಬಾಯಿಪಾಠ ಮಾಡಿಸುವ ಬದಲು ಊರಿನ ಹೆಸರಿಗೇ ಪ್ರಸ್ತಾರ ಹಾಕಿ ಎಂದೆ. ‘ತಿರುಮಕೂಡಲು’ ಎಂದು ಬರೆದು ಮಕ್ಕಳು ಲೆಕ್ಕ ಹಾಕಿದರು. ತಿ, ರು, ಮ ಮೂರು ಲಘು, ಮೂರು ಮಾತ್ರೆ. ಕೂ ಗುರು, ಡ ಲು ಲಘು, ನಾಲ್ಕು ಮಾತ್ರೆ. ಹಿಂದಿನ ಬೆಂಚಿನ ಹುಡುಗಿ ಕೂಗಿಯೇಬಿಟ್ಟಳು: “ಸಾ, ತಿರುಮಕೂಡಲು ತಿರುಮಕೂಡಲು ಅಂತ ಎರಡು ಸಲ ಅಂದ್ರೆ ಭಾಮಿನಿಯ ಒಂದು ಸಾಲು!”

ಆಮೇಲೆ ನಂಜನಗೂಡನ್ನು ಬಿಡುತ್ತಾರೆಯೇ? ನಂಜ ಮೂರು, ನಗೂಡು ನಾಲ್ಕು. ಲೆಕ್ಕ ಸರಿಯಾಗಿದೆ. ಆದರೆ ಗಣದ ಮೊದಲಿಗೆ ಒಂದು ಲಘು ಬಂದು ಅದರ ಬೆನ್ನಿಗೇ ಗುರು ಬರಬಾರದು ಎಂಬ ನಿಯಮವೊಂದಿದೆ, ‘ನಗೂಡು’ ಅಲ್ಲಿ ಎಡವುತ್ತದೆ. ಬಾಯಲ್ಲಿ ಹೇಳಿ ನೋಡಿದರೆ ಎಡವುವುದು ಕಿವಿಗೇ ಗೊತ್ತಾಗುತ್ತದೆ. “ಹಾಗಾದ್ರೆ ನಮ್ಮೂರೇ ಗೆದ್ದಿತು” ಎಂದು ಇಡೀ ತರಗತಿ ಚಪ್ಪಾಳೆ ತಟ್ಟಿತು. ಆ ವರ್ಷ ಪ್ರಸ್ತಾರದ ಪ್ರಶ್ನೆಗೆ ನನ್ನ ಮಕ್ಕಳು ಹೆದರಲಿಲ್ಲ.

ಶನಿವಾರ ಬೆಳಗಿನ ಶಾಲೆ. ಪುಸ್ತಕಗಳ ಅದಲುಬದಲು. ಒಬ್ಬರ ಐದು ಸಾಲನ್ನು ಇನ್ನೊಬ್ಬರು ಓದಿ, ಹಿಡಿಸಿದ ಒಂದು ವಾಕ್ಯದ ಕೆಳಗೆ ಗೆರೆ ಎಳೆಯಬೇಕು. ಪೆನ್ಸಿಲ್ಲಿನಲ್ಲಿ. ಕೆಂಪು ಶಾಯಿಯನ್ನು ನಾನು ಆ ಹೊತ್ತಿಗೆ ಬಿಟ್ಟಿದ್ದೆ.

ಅರವತ್ತು ಪುಸ್ತಕ ತಿದ್ದುವುದು ಹೇಗೆ ಎಂದು ಮೇಷ್ಟರು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ನಾನೂ ಎಲ್ಲವನ್ನೂ ತಿದ್ದಲಿಲ್ಲ. ದಿನಕ್ಕೆ ಹತ್ತು. ಎಲ್ಲ ಕಾಗುಣಿತದ ತಪ್ಪನ್ನೂ ಒಂದೇ ದಿನ ಎತ್ತಿ ತೋರಿಸುತ್ತಿರಲಿಲ್ಲ, ಎರಡು ತೋರಿಸುತ್ತಿದ್ದೆ. ಒಂದು ಒಳ್ಳೆಯ ವಾಕ್ಯವನ್ನೂ ಹುಡುಕಿ ಗುರುತು ಮಾಡುತ್ತಿದ್ದೆ. ಆರು ದಿನದಲ್ಲಿ ಅರವತ್ತು ಮಕ್ಕಳಿಗೂ ಒಂದೊಂದು ಸರದಿ ಬರುತ್ತಿತ್ತು.

ಶಿಲ್ಪಿಯ ಹೆಸರು

ಸ್ವಂತದ್ದು ಬರೆಯುವುದು ಪ್ರತಿಭಾವಂತರ ಕೆಲಸ, ನಮ್ಮಂಥವರ ಮಕ್ಕಳಿಗಲ್ಲ ಎಂದು ಕೆಲವು ಪಾಲಕರು ಹೇಳುವುದುಂಟು. ಅಂಥವರಿಗೆ ನಮ್ಮ ನೆರೆಯಲ್ಲೇ ಇರುವ ಎರಡು ಉದಾಹರಣೆ ಹೇಳುತ್ತೇನೆ.

ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಶಾಲೆಯಿಂದ ಪ್ರವಾಸ ಹೋಗದ ಮಕ್ಕಳು ಇಲ್ಲಿ ಕಡಿಮೆ. 13ನೆಯ ಶತಮಾನದ ಆ ಕೇಶವ ದೇವಾಲಯ 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ನಾವು ಶಾಲೆಯಲ್ಲಿ ಕಲಿಯುವ ಸಂಧಿ ಸಮಾಸಗಳ ಬೇರು ಇರುವ ಕೇಶಿರಾಜನ ‘ಶಬ್ದಮಣಿದರ್ಪಣ’ವೂ ಅದೇ ಶತಮಾನದ್ದು. ಹೊರಗೋಡೆಯ ವಿಗ್ರಹಗಳನ್ನು ನೋಡುವಾಗ ಸ್ವಲ್ಪ ಬಗ್ಗಿ ಪೀಠದ ಕಡೆ ನೋಡಲು ಮಕ್ಕಳಿಗೆ ಹೇಳಿ. ಹಲವು ವಿಗ್ರಹಗಳ ಕೆಳಗೆ ಕೆತ್ತಿದವನ ಹೆಸರಿದೆ. ಮಲ್ಲಿತಮ್ಮ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ದೇವರ ರೂಪಕ್ಕೆ ಶಾಸ್ತ್ರ ಹಾಕಿಕೊಟ್ಟ ಅಳತೆ ಇತ್ತು, ಕೈಯಲ್ಲಿ ಏನಿರಬೇಕು, ಕಾಲು ಹೇಗಿರಬೇಕು ಎಂಬ ನಿಯಮವಿತ್ತು. ಆ ನಿಯಮದ ಒಳಗೇ ಕೆಲಸ ಮಾಡಿ, ಇದು ನನ್ನ ಕೈಯದು ಎಂದು ಹೇಳುವ ಧೈರ್ಯ ಅವನಿಗೆ ಇತ್ತು. ಪಾಠದ ಅಂಶವನ್ನು ಬಿಡದೆ ತನ್ನ ವಾಕ್ಯ ಬರೆಯುವ ಮಗುವೂ ಅಷ್ಟೇ ಮಾಡುವುದು.

ಇನ್ನೊಂದು ಉದಾಹರಣೆ ನಂಜನಗೂಡಿನದು. 1887ರಲ್ಲಿ ಹುಟ್ಟಿದ ತಿರುಮಲಾಂಬಾ ಅವರಿಗೆ ಬಾಲ್ಯದಲ್ಲೇ ಮದುವೆಯಾಗಿ, ಬಾಲ್ಯದಲ್ಲೇ ವೈಧವ್ಯವೂ ಬಂತು. ಅಂಥವರಿಗೆ ಆ ಕಾಲದಲ್ಲಿ ಶಾಲೆಯ ಮಾತು ದೂರವೇ ಉಳಿಯಿತು. ಅವರು ಮನೆಯಲ್ಲಿ ಕೂತು ಓದಿದರು, ಬರೆದರು. 1913ರಲ್ಲಿ ‘ಸುಶೀಲೆ’ ಕಾದಂಬರಿ ಹೊರಬಂತು. ನಂಜನಗೂಡಿನಿಂದಲೇ ‘ಸತೀಹಿತೈಷಿಣಿ’ ಗ್ರಂಥಮಾಲೆ ನಡೆಸಿದರು, ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಗೆ ಸಂಪಾದಕಿಯಾದರು. ಹೊಸಗನ್ನಡದ ಮೊದಲ ಲೇಖಕಿಯರ ಸಾಲಿನಲ್ಲಿ ಅವರ ಹೆಸರಿದೆ. 1982ರವರೆಗೂ ಬದುಕಿದ್ದರು. ನಂಜನಗೂಡಿನ ಹೆಣ್ಣುಮಕ್ಕಳಲ್ಲಿ ಎಷ್ಟು ಜನಕ್ಕೆ ಅವರ ವಿಷಯ ಗೊತ್ತು? ಅವರ ಕೈಗೆ ಯಾರೂ ನೋಟ್ಸು ಕೊಟ್ಟಿರಲಿಲ್ಲ ಎಂಬುದನ್ನಾದರೂ ನಾವು ಮಕ್ಕಳಿಗೆ ಹೇಳಬೇಕು.

ಪಾಲಕರಿಗೆ ಎರಡು ಮಾತು

ಮಗುವಿನ ಕನ್ನಡ ಪುಸ್ತಕ ತೆರೆದಾಗ ನಾವು ಮೊದಲು ನೋಡುವುದು ಅಕ್ಷರ ದುಂಡಗಿದೆಯೇ, ಟಿಕ್ ಬಿದ್ದಿದೆಯೇ ಎಂದು. ಇನ್ನು ಮೇಲೆ ಒಂದು ವಾಕ್ಯ ಹುಡುಕಿ. ನಿಮ್ಮ ಮಗು ಮಾತ್ರ ಬರೆಯಬಹುದಾಗಿದ್ದ ಒಂದು ವಾಕ್ಯ. ಇಡೀ ಪುಸ್ತಕದಲ್ಲಿ ಒಂದೂ ಸಿಗದಿದ್ದರೆ ಚಿಂತೆ ಮಾಡಬೇಕಾದ್ದು ಆಗ.

ನಿಮಗೆ ಓದು ಬರಹ ಹೆಚ್ಚು ಬಾರದಿದ್ದರೂ ಅಡ್ಡಿಯಿಲ್ಲ. ರಾತ್ರಿ ಊಟದ ಹೊತ್ತಿನಲ್ಲಿ, “ಇವತ್ತು ಕನ್ನಡದಲ್ಲಿ ಏನು ಪಾಠ ಆಯಿತು, ಕತೆ ಹೇಳು” ಎಂದು ಕೇಳಿ. ಮಗು ತನ್ನ ಮಾತಿನಲ್ಲಿ ಹೇಳಲಿ. ನಡುವೆ ತಿದ್ದಬೇಡಿ. ಹೇಳಿ ಮುಗಿದ ಮೇಲೆ, “ಈಗ ಹೇಳಿದ್ದನ್ನೇ ಐದು ಸಾಲು ಬರೆ” ಎನ್ನಿ. ಇದಕ್ಕೆ ಟ್ಯೂಷನ್ ಬೇಡ, ಗೈಡಿನ ಖರ್ಚು ಬೇಡ. ದಿನಕ್ಕೆ ಹತ್ತು ನಿಮಿಷ ಸಾಕು. ಜೂನ್ ತಿಂಗಳಲ್ಲಿ ಶುರುಮಾಡಿದರೆ ಪರೀಕ್ಷೆಯ ಹೊತ್ತಿಗೆ ಆ ಕೈ ಯಾವ ಪ್ರಶ್ನೆಗೂ ನಡುಗುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮಗೂ ಒಂದು ಮಾತು. ನೋಟ್ಸನ್ನು ಬಿಸಾಡಿ ಎಂದು ನಾನು ಹೇಳುತ್ತಿಲ್ಲ. ಮೊದಲು ಪಾಠ ಓದಿ, ಆಮೇಲೆ ನಿಮ್ಮ ಉತ್ತರ ಬರೆಯಿರಿ, ಕೊನೆಗೆ ನೋಟ್ಸಿನ ಜೊತೆ ಹೋಲಿಸಿ, ಬಿಟ್ಟುಹೋದ ಅಂಶ ಸೇರಿಸಿಕೊಳ್ಳಿ. ಕ್ರಮ ತಿರುಗಿಸಿದರೆ ಸಾಕು, ಅದೇ ನೋಟ್ಸು ಯಜಮಾನನಾಗಿರುವುದು ಬಿಟ್ಟು ಆಳಾಗುತ್ತದೆ.

ಬಸ್ ನಿಲ್ದಾಣಕ್ಕೆ ಹಿಂತಿರುಗುತ್ತೇನೆ. ಹುಡುಗಿಯ ಪುಸ್ತಕದಲ್ಲಿ ಕರ್ಣನ ಪಾಠದ ಪುಟ ತೆಗೆದೆ. ಅದೇ ಪ್ರಶ್ನೆ, ನಾಲ್ಕು ಅಂಶಗಳ ಅದೇ ಉತ್ತರ. ತಂದೆಯ ಕಡೆ ತಿರುಗಿ, “ನೀನು ಇದಕ್ಕೆ ಒಂದು ಸಲ ಏನು ಬರೆದಿದ್ದೆ, ನೆನಪಿದೆಯೇನಪ್ಪ?” ಎಂದು ಕೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಎಲೆ ಬುಟ್ಟು ಎದ್ದೋಗಕ್ಕಾಗಲ್ಲ ಅಂತ ಬರ್ದಿದ್ದೆ ಸಾ. ನೀವು ಒಡೆದಾಕ್ಬುಟ್ರಿ” ಎಂದರು. ನಕ್ಕೇ ಹೇಳಿದರು. ಇಪ್ಪತ್ತೈದು ವರ್ಷ ಅದು ಅವರಿಗೆ ಮರೆತಿರಲಿಲ್ಲ. ನನ್ನ ನಾಲ್ಕು ಅಂಶಗಳಲ್ಲಿ ಒಂದಾದರೂ ನೆನಪಿದೆಯೇ ಎಂದು ನಾನು ಕೇಳಲಿಲ್ಲ.

“ಅದು ಸರಿಯಾದ ಉತ್ತರ ಕಣಪ್ಪ. ತಪ್ಪು ಮಾಡಿದವನು ನಾನು” ಎಂದೆ.

ಹುಡುಗಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು. “ಅಪ್ಪಾ, ಅದೇನು ಎಲೆ?” ಎಂದು ಕೇಳಿದಳು. ಅವರು ಹೇಳತೊಡಗಿದರು. ಅತ್ತೆಯ ಮನೆ, ಊಟದ ಹೊತ್ತು, ಬಾಗಿಲಲ್ಲಿ ನಿಂತ ತಂದೆ. ಅವಳಿಗೆ ಗೊತ್ತೇ ಇರದ ಕತೆ ಅದು. ಕೇಳಿ ಮುಗಿದ ಮೇಲೆ ಅವಳು ಪೆನ್ನು ತೆಗೆದು, ನೋಟ್ಸಿನ ಉತ್ತರದ ಕೆಳಗೆ ಉಳಿದಿದ್ದ ಜಾಗದಲ್ಲಿ ಏನೋ ಬರೆಯಲು ಶುರುಮಾಡಿ, ತಲೆಯೆತ್ತಿ ನನ್ನನ್ನು ಕೇಳಿದಳು: “ಸಾರ್, ಇದಕ್ಕೆ ಮಾರ್ಕ್ಸ್ ಕೊಡ್ತಾರಾ?”

“ಅಂಶ ಬಿಡಬೇಡ, ಕೊಡ್ತಾರೆ” ಎಂದೆ.

ಅಷ್ಟರಲ್ಲಿ ನನ್ನ ಬಸ್ಸು ಬಂತು. ಹತ್ತಿ ಕೂತು ಕಿಟಕಿಯಿಂದ ನೋಡಿದೆ. ಅವಳು ಇನ್ನೂ ಬರೆಯುತ್ತಿದ್ದಳು. ತಂದೆ ಬಗ್ಗಿ ಓದುತ್ತಿದ್ದರು.